ಲೆವೆಲ್ 5 ಅಂದ ಮಾತ್ರಕ್ಕೆ ದುಡ್ಡು ಕಟ್ಟಬೇಡಿ

ಇಂಗ್ಲೆಂಡಿಗೆ ಬಂದು ಇಂಗ್ಲಿಷ್ ಕಲಿಸುವ ಕೆಲಸ ಹುಡುಕುವ ನಮ್ಮವರು ಮೊದಲು ಮಾಡುವುದು ಒಂದೇ. ಆನ್‌ಲೈನ್‌ನಲ್ಲಿ ಡಿಸ್ಕೌಂಟಿಗೆ ಸಿಗುವ ಟೆಫಲ್ (ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ತರಬೇತಿ) ಕೋರ್ಸ್ ತಗೊಳ್ಳೋದು. 120 ಗಂಟೆ, 'ಅಕ್ರೆಡಿಟೆಡ್', ಮೇಲೊಂದು ಬಂಗಾರದ ಬಣ್ಣದ ಮುದ್ರೆ. ಎಂಎ, ಬಿಎಡ್ ಮಾಡಿದವರೂ ಬೀಳುತ್ತಾರೆ. ಆಮೇಲೆ "ಯಾರೂ ಇಂಟರ್‌ವ್ಯೂಗೇ ಕರೀತಿಲ್ವಲ್ಲ, ಯಾಕೆ?" ಅಂತ ಕೇಳುತ್ತಾರೆ.

ಇಲ್ಲಿ ಡಿಗ್ರಿ ಕೊಡಬೇಕಾದರೆ ಅಧಿಕಾರ ಬೇಕು, 1988ರ ಕಾನೂನೇ ಇದೆ. ಡಿಪ್ಲೊಮಾ, ಸರ್ಟಿಫಿಕೇಟಿಗೆ ಆ ಕಾವಲು ಇಲ್ಲ. ಯಾವ ಕಂಪನಿ ಬೇಕಾದರೂ ಅಚ್ಚು ಹಾಕಿಸಿ ಹಂಚಬಹುದು. ಅದಕ್ಕೆ 'ಮಾನ್ಯತೆ' ಕೊಟ್ಟ ಸಂಸ್ಥೆಯೂ ಎಷ್ಟೋ ಸಲ ಇನ್ನೊಂದು ಖಾಸಗಿ ಕಂಪನಿಯೇ. ಕೆಲವರು ಯುಕೆಪಿಆರ್‌ಎನ್ ನಂಬರನ್ನೇ ದೊಡ್ಡದಾಗಿ ತೋರಿಸುತ್ತಾರೆ. ಅದು ಬರೀ ನೋಂದಣಿ ನಂಬರ್. ಪಾಠ ಚೆನ್ನಾಗಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಸ್ವಲ್ಪ ಹುಷಾರಾದವರು ಆಫ್‌ಕ್ವಾಲ್‌ನ ರಿಜಿಸ್ಟರ್ ನೋಡುತ್ತಾರೆ. ಇಂಗ್ಲೆಂಡಿನಲ್ಲಿ ಅರ್ಹತೆಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಅದು. ಕೋರ್ಸಿನ ಹೆಸರು, ನಂಬರ್, ಲೆವೆಲ್ (ಓದು ಎಷ್ಟು ಕಷ್ಟದ್ದು ಅನ್ನೋ ಅಂಕಿ) ಎಲ್ಲ ಅಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ನೋಡಲೇಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಹಳ್ಳಕ್ಕೆ ಬೀಳುವುದು ಗ್ಯಾರಂಟಿ.

ಊರಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಪಾಠ ಮಾಡಿದ್ದ ಪರಿಚಯದವರೊಬ್ಬರು ಹೀಗೇ ಮಾಡಿದರು. ರಿಜಿಸ್ಟರ್‌ನಲ್ಲಿ ಹುಡುಕಿ, ಲೆವೆಲ್ 5 ಅಂತ ಖಾತ್ರಿ ಮಾಡಿಕೊಂಡು, ಆನ್‌ಲೈನ್ ಡಿಪ್ಲೊಮಾ ಮುಗಿಸಿದರು. ಮೋಸ ಏನೂ ಇರಲಿಲ್ಲ, ಕಾಗದ ಅಸಲಿಯೇ. ಭಾಷಾ ಶಾಲೆಯ ಇಂಟರ್‌ವ್ಯೂನಲ್ಲಿ ಮೇಡಮ್ ಆ ಸರ್ಟಿಫಿಕೇಟ್ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರಂತೆ: ಕೋರ್ಸಿನ ಟ್ಯೂಟರ್ ಎದುರಿಗೆ, ನಿಜವಾದ ವಿದ್ಯಾರ್ಥಿಗಳಿಗೆ ಎಷ್ಟು ಗಂಟೆ ಪಾಠ ಮಾಡಿದಿರಿ? ಒಂದು ಗಂಟೆಯೂ ಇಲ್ಲ. ಆ ಕೆಲಸ ಅಲ್ಲಿಗೇ ಹೋಯಿತು.

ಲೆವೆಲ್ ಹೇಳುವುದು ಓದು ಎಷ್ಟು ಕಷ್ಟ ಅನ್ನೋದನ್ನು ಮಾತ್ರ. ಕ್ಲಾಸಿನಲ್ಲಿ ನಿಂತು ಪಾಠ ಮಾಡಿದ್ದೀರಾ ಇಲ್ವಾ ಅಂತ ಅದು ಹೇಳುವುದಿಲ್ಲ. ಬ್ರಿಟಿಷ್ ಕೌನ್ಸಿಲ್ ಮಾನ್ಯತೆ ಪಡೆದ ಭಾಷಾ ಶಾಲೆಗಳು ನೋಡುವುದು ಇದನ್ನೇ: ಕನಿಷ್ಠ 6 ಗಂಟೆ, ಮೇಲ್ವಿಚಾರಣೆಯಲ್ಲಿ ಮಾಡಿದ ಪಾಠ. ಅದಿಲ್ಲದವರನ್ನು ತಗೊಂಡರೆ ಇನ್‌ಸ್ಪೆಕ್ಷನ್ ಬಂದಾಗ ಶಾಲೆಯೇ ಕಾರಣ ಕೊಡಬೇಕು. ಆ ತಲೆನೋವು ಯಾರಿಗೆ ಬೇಕು?

ಇಂಗ್ಲಿಷ್ ಕಲಿಸುವವರಿಗಾಗಿಯೇ ಇರುವ ಕೋರ್ಸುಗಳಾದ ಕೇಂಬ್ರಿಜ್‌ನ ಸೆಲ್ಟಾ, ಟ್ರಿನಿಟಿಯ ಸರ್ಟ್‌ಟೀಸಾಲ್ ಎರಡರಲ್ಲೂ ಈ 6 ಗಂಟೆ ಇದೆ. ಎರಡೂ ಲೆವೆಲ್ 5. ಇವುಗಳಲ್ಲಿ ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳಬೇಡಿ, ಹತ್ತಿರದ್ದು ಸಾಕು. ಸೆಲ್ಟಾ ಪೂರ್ತಿ ಆನ್‌ಲೈನ್‌ನಲ್ಲೂ ಇದೆ, ಆದರೆ ಅಲ್ಲೂ ನೀವು ಪಾಠ ಮಾಡುವುದನ್ನು ಟ್ಯೂಟರ್ ಲೈವ್ ಆಗಿ ನೋಡುತ್ತಾರೆ. ಹಾಗಾಗಿ ಆನ್‌ಲೈನ್ ಅನ್ನೋದು ತಪ್ಪಲ್ಲ, ಯಾರೂ ನೋಡದೇ ಇರೋದು ತಪ್ಪು. ಫೀಸು ಸಾಮಾನ್ಯವಾಗಿ ಸಾವಿರ ಪೌಂಡ್ ದಾಟುತ್ತದೆ. ಅಗ್ಗದ ಮೂರು ಕೋರ್ಸ್ ಮಾಡಿ, ಕೊನೆಗೆ ಇದಕ್ಕೂ ಕಟ್ಟಿದವರನ್ನು ನೋಡಿದ್ದೇನೆ.

ಬಿಎಡ್‌ನಲ್ಲಿ ವಾರಗಟ್ಟಲೆ ಶಾಲೆಗೆ ಹೋಗಿ ಪಾಠ ಮಾಡಿದವರಿಗೆ ಈ 6 ಗಂಟೆ ನಗು ತರಿಸಬಹುದು. ಅವಧಿಯಲ್ಲಿ ನಮ್ಮದೇ ಮೇಲು, ಒಪ್ಪಿದೆ. ಆದರೆ ನಮ್ಮಲ್ಲಿ ಲೆಸನ್ ಪ್ಲಾನ್ ಪುಸ್ತಕಕ್ಕೆ ಸಹಿ ಬಿದ್ದರೆ ಕೆಲಸ ಮುಗೀತು ಅನ್ನುವವರೇ ಜಾಸ್ತಿ. ಇಲ್ಲಿ ಟ್ಯೂಟರ್ ಹಿಂದೆ ಕೂತು, ನೀವು ಎಷ್ಟು ಹೊತ್ತು ಮಾತಾಡಿದಿರಿ, ಕಲಿಯುವವರ ಬಾಯಿಗೆ ಎಷ್ಟು ಅವಕಾಶ ಕೊಟ್ಟಿರಿ ಅಂತ ಬರೆದುಕೊಳ್ಳುತ್ತಾರೆ. ಪಾಠ ಮುಗಿದ ಮೇಲೆ ಜೊತೆಯವರ ಮುಂದೆಯೇ ಅದರ ಚರ್ಚೆ. ನಮ್ಮ ಮೇಷ್ಟ್ರುಗಳಿಗೆ ಕಷ್ಟವಾಗುವುದು ಸುಮ್ಮನಿರುವುದು! ಈ ವಿಷಯದಲ್ಲಿ ಇವರದೇ ಸರಿ ಅಂತ ನನ್ನ ಅಭಿಪ್ರಾಯ.

ಅಗ್ಗದ ಕೋರ್ಸ್ ಪೂರ್ತಿ ದಂಡ ಅಂತಲ್ಲ. ಮನೆಯಲ್ಲೇ ಕೂತು ಒಬ್ಬಿಬ್ಬರಿಗೆ ಟ್ಯೂಷನ್ ಹೇಳಲು, ಈ ಕೆಲಸ ನಮಗೆ ಒಗ್ಗುತ್ತಾ ಅಂತ ನೋಡಲು ಸಾಕು. ಸರ್ಕಾರಿ ಶಾಲೆಯ ಟೀಚರ್ ಆಗುವ ದಾರಿ ಮಾತ್ರ ಬೇರೆಯೇ. ಅಲ್ಲಿ ಸಾಮಾನ್ಯವಾಗಿ ಕೇಳುವುದು ಕ್ಯೂಟಿಎಸ್, ಅಂದರೆ ಶಾಲಾ ಶಿಕ್ಷಕರ ಅಧಿಕೃತ ಅರ್ಹತೆ, ಅದು ಸೆಲ್ಟಾದಿಂದ ಬರುವುದಿಲ್ಲ. ನಮ್ಮ ಡಿಗ್ರಿ ಇಲ್ಲಿ ಯಾವುದಕ್ಕೆ ಸಮ ಅಂತ ಕಾಗದ ಕೇಳಿದರೆ, ಹೊರದೇಶದ ಅರ್ಹತೆಗಳನ್ನು ಹೋಲಿಸಿ ನೋಡುವ ಯುಕೆ ಎನಿಕ್‌ನಿಂದ ಮಾಡಿಸಬೇಕು.

ದುಡ್ಡು ಕಟ್ಟುವ ಮುಂಚೆ ಕೋರ್ಸಿನವರಿಗೆ ಒಂದು ಮೇಲ್ ಹಾಕಿ: ನಿಜವಾದ ವಿದ್ಯಾರ್ಥಿಗಳಿಗೆ ಎಷ್ಟು ಗಂಟೆ ಪಾಠ, ನೋಡುವವರು ಯಾರು, ಹೊರಗಿನಿಂದ ಪರೀಕ್ಷಿಸುವ ಸಂಸ್ಥೆ ಯಾವುದು? ಉತ್ತರದಲ್ಲಿ ಗಂಟೆ ಹೇಳದೆ ಆಫರ್ ಇವತ್ತೇ ಮುಗಿಯುತ್ತೆ ಅಂತ ಬರೆದರೆ ಆ ಕೋರ್ಸ್ ಬಿಟ್ಟುಬಿಡಿ.