ಎಂಟರ್ ಒತ್ತುವ ಮೊದಲು ಸ್ಪೇಸ್ ಒತ್ತಿ

ಕಲಬುರಗಿಯಲ್ಲಿ ಪ್ರತಿ ಭಾನುವಾರ ಹುಡುಗರಿಗೆ, ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಹೇಳಿಕೊಡುತ್ತೇನೆ. ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ಕನ್ನಡ ಸೇರಿಸುವ ದಿನ ಬಂತೆಂದರೆ ನಾಲ್ಕೂ ಮೂಲೆಯಿಂದ ಒಂದೇ ಮಾತು: 'ಸರ್, ಎಂಟರ್ ಒತ್ತೀನ್ರಿ, ಕನ್ನಡ ಬರವಲ್ದು!' ತಪ್ಪು ಅವರದಲ್ಲ. ಮೌಸ್ ಹಿಡಿದು ಕಲಿತವರಿಗೆ ಕೀಲಿಗಳಿಂದಲೇ ನಡೆಯುವ ಮೆನುವಿನ ರೀತಿ ಯಾರೂ ತೋರಿಸಿರುವುದಿಲ್ಲ.

ಮೊದಲು ಟರ್ಮಿನಲ್, ಅಂದರೆ ಕಮಾಂಡ್ ಬರೆಯುವ ಕಿಟಕಿಯನ್ನು ಪೂರ್ತಿ ದೊಡ್ಡದು ಮಾಡಿ. 13 ಸಾಲು, 31 ಅಕ್ಷರಗಳಷ್ಟಾದರೂ ಜಾಗ ಇಲ್ಲದಿದ್ದರೆ ಮೆನುವೇ ಬರುವುದಿಲ್ಲ, ಬರೀ ಅಂಕಿ ಹಾಕಿದ ಪಟ್ಟಿ ಸುರಿಯುತ್ತದೆ. ಆಮೇಲೆ 'ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಲೊಕೇಲ್ಸ್' (sudo dpkg-reconfigure locales) ಕಮಾಂಡ್ ಕೊಟ್ಟು ಪಾಸ್‌ವರ್ಡ್ ಹಾಕಿ.

ಈಗ ನೂರಾರು ಭಾಷೆಗಳ ಪಟ್ಟಿ ಕಾಣುತ್ತದೆ. ಎಡವುವುದು ಇಲ್ಲೇ, ಅದಕ್ಕೆ ನಿಧಾನವಾಗಿ ಹೋಗೋಣ. ಪ್ರತಿ ಸಾಲಿನ ಮುಂದೆ [ ] ಅಂತ ಖಾಲಿ ಚೌಕ ಇರುತ್ತದೆ. ಬಾಣದ ಕೀಲಿ ಒತ್ತಿದರೆ ಬಣ್ಣದ ಪಟ್ಟಿ ಕೆಳಗಿಳಿಯುತ್ತದೆ, ಅಷ್ಟೇ. ಬಣ್ಣ ಬಂತು ಅಂದರೆ ಆಯ್ಕೆ ಆಯಿತು ಅಂತಲ್ಲ! ಬೆರಳು ಆ ಸಾಲಿನ ಮೇಲಿದೆ ಅಂತ ಮಾತ್ರ ಅದರ ಅರ್ಥ. ಸ್ಪೇಸ್ ಬಾರ್ ಒತ್ತಿದಾಗ ಚೌಕದೊಳಗೆ ನಕ್ಷತ್ರ ಮೂಡಿ [*] ಆಗುತ್ತದೆ. ಆಗಲೇ ಆಯ್ಕೆ. ನಕ್ಷತ್ರ ಇಲ್ಲದೆ ಎಂಟರ್ ಒತ್ತಿದರೆ ಅದು 'ಏನೂ ಬೇಡ, ಮುಂದೆ ನಡೆ' ಅಂತ ತಿಳಿದು ಹೊರಟುಬಿಡುತ್ತದೆ.

ಪಟ್ಟಿಯ ತಲೆಯಲ್ಲೇ 'ಆಲ್ ಲೊಕೇಲ್ಸ್' ಇದೆ; ಲೊಕೇಲ್ ಅಂದರೆ ಒಂದು ಭಾಷೆ ಮತ್ತು ದೇಶದ ಸೆಟ್ಟಿಂಗ್. ಅಲ್ಲಿ ಸ್ಪೇಸ್ ಒತ್ತಬೇಡಿ. ಇದ್ದಬದ್ದ ಭಾಷೆಗಳನ್ನೆಲ್ಲ ತಯಾರಿಸುತ್ತಾ ಕೂರುತ್ತದೆ, ಹಳೆಯ ಕಂಪ್ಯೂಟರಾದರೆ ತುಂಬಾ ಹೊತ್ತು. ಪೇಜ್ ಡೌನ್ ಒತ್ತುತ್ತಾ 'ಕೆ' ಅಕ್ಷರದ ಸಾಲುಗಳಿಗೆ ಬನ್ನಿ. ಖ್ಮೇರ್ ಭಾಷೆಯ 'ಕೆಎಂ' ಆದಮೇಲೆ ನಮ್ಮ ಕನ್ನಡದ 'ಕೆಎನ್_ಐಎನ್ ಯುಟಿಎಫ್-8' (kn_IN UTF-8) ಸಿಗುತ್ತದೆ. ಕೊರಿಯನ್ನಿನ 'ಕೆಒ' ಕಂಡರೆ ದಾಟಿ ಹೋಗಿದ್ದೀರಿ, ಮೇಲಿನ ಬಾಣ ಒತ್ತಿ. ದಾರಿಯಲ್ಲಿ ಇಂಗ್ಲಿಷಿನ ಮುಂದೆ ಮೊದಲೇ ನಕ್ಷತ್ರ ಇದ್ದರೆ ಹಾಗೇ ಬಿಡಿ. ಕೈತಪ್ಪಿ ಅಲ್ಲಿ ಸ್ಪೇಸ್ ಒತ್ತಿದರೆ ಅಳಿಸಿಹೋಗುತ್ತದೆ, ಇನ್ನೊಮ್ಮೆ ಒತ್ತಿ ಮರಳಿ ತನ್ನಿ.

ಬಾಣದ ಕೀಲಿಗೂ ಎಫ್‌ಎನ್ ಕೀಲಿ ಹಿಡಿಯಬೇಕಾದ ಪುಟ್ಟ ಕೀಬೋರ್ಡ್ ಈ ಕೆಲಸಕ್ಕೆ ಬೇಡವೇ ಬೇಡ. ಸ್ಪೇಸ್ ಬಾರ್ ಒಂದು ಬದಿ ಒತ್ತಿದರೆ ಮಾತ್ರ ಇಳಿಯುವ ಅಗ್ಗದ್ದೂ ಬೇಡ.

ನಕ್ಷತ್ರ ಕಣ್ಣಾರೆ ಕಂಡ ಮೇಲೆ ಟ್ಯಾಬ್ ಒತ್ತಿ. ಕೆಳಗಿನ 'ಓಕೆ' ಮೇಲೆ ಬಣ್ಣ ಬರುತ್ತದೆ. ಈಗ ಎಂಟರ್. ಸ್ಪೇಸ್, ಟ್ಯಾಬ್, ಎಂಟರ್: ನಮ್ಮ ಹುಡುಗರಿಂದ ಇದನ್ನು ಮೂರು ಸಲ ಬಾಯಲ್ಲಿ ಹೇಳಿಸುತ್ತೇನೆ. ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿ ಮೈ ಅಡ್ಮಿನ್ ಹಾಕುವಾಗ 'ಅಪಾಚೆ2' ಎಂಬ ವೆಬ್ ಸರ್ವರ್ ಆರಿಸುವ ಕಡೆಯೂ ಇದೇ ಕ್ರಮ. ಅಲ್ಲೂ ನಕ್ಷತ್ರ ಮರೆತು ಆಮೇಲೆ ಪುಟ ತೆರೆಯುತ್ತಿಲ್ಲ ಅಂತ ಒದ್ದಾಡುವವರು ಜಾಸ್ತಿ.

ಈ ಮೆನು ಬಿಟ್ಟು, ಲೊಕೇಲ್ ಜೆನ್ ಕಡತ (/etc/locale.gen) ತೆರೆದು, ಕನ್ನಡದ ಸಾಲಿನ ಮುಂದಿನ ಹ್ಯಾಶ್ ಗುರುತು ಅಳಿಸಿ, 'ಲೊಕೇಲ್-ಜೆನ್' (locale-gen) ಕಮಾಂಡ್ ಓಡಿಸುವ ಅಡ್ಡದಾರಿಯೂ ಇದೆ. ಕೈ ಪಳಗಿದ ಮೇಲೆ ಮಾಡಿ, ಮೊದಲ ಸಲ ಬೇಡ.

ಮೆನುವಿನಲ್ಲಿ ಎಂಟರ್ ಒತ್ತಿದ ಮೇಲೆ ಬರುವ ಎರಡನೇ ಪರದೆ ಇಡೀ ವ್ಯವಸ್ಥೆಯ ಭಾಷೆ ಯಾವುದು ಅಂತ ಕೇಳುತ್ತದೆ. ಇಲ್ಲಿ ಚೌಕಗಳಿಲ್ಲ. ಬಣ್ಣ ಇರುವ ಸಾಲೇ ಆಯ್ಕೆ, ನೇರವಾಗಿ ಎಂಟರ್ ಒತ್ತಿದರೆ ಸಾಕು. ಸರ್ವರ್ ಆದರೆ ಇಂಗ್ಲಿಷೇ ಇರಲಿ, ಚಿತ್ರವಿಲ್ಲದ ಕಪ್ಪು ಕನ್ಸೋಲಿನಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುವುದಿಲ್ಲ. ಮನೆಯ ಡೆಸ್ಕ್‌ಟಾಪ್ ಆದರೆ ಧೈರ್ಯವಾಗಿ ಕನ್ನಡ ಆರಿಸಿ.

ಕೊನೆಗೆ 'ಕೆಎನ್_ಐಎನ್.ಯುಟಿಎಫ್-8... ಡನ್' ಎಂಬ ಸಾಲು ಬಂತಾ ನೋಡಿ. ಬರಲಿಲ್ಲವೆಂದರೆ ನಕ್ಷತ್ರ ಬಿದ್ದಿಲ್ಲ, ಅದೇ ಕಮಾಂಡ್ ಮತ್ತೆ ಕೊಡಿ, ಎಷ್ಟು ಸಲ ಕೊಟ್ಟರೂ ಏನೂ ಕೆಡುವುದಿಲ್ಲ. ಬಂದಿದ್ದರೆ ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ. ಕನ್ನಡ ಆರಿಸಿದವರ ಕ್ಯಾಲೆಂಡರಿನಲ್ಲಿ ಸೋಮವಾರ, ಮಂಗಳವಾರ ಅಂತಲೇ ಕಾಣುತ್ತದೆ.