ಅಂಗಳದಲ್ಲಿ ಆಗುವ ತೀರ್ಮಾನ: ಬುಡಕಟ್ಟು ಮನೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಆಯ್ಕೆಗೆ ನೆರವಾಗುವ ಬಗೆ

ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಯಾವ ಚಿಕಿತ್ಸೆ ಪಡೆಯಬೇಕೆಂಬುದು ವೈದ್ಯರ ಕೋಣೆಯಲ್ಲೇ ನಿರ್ಧಾರವಾಗುತ್ತದೆ ಎಂದು ನಾವು, ಅಂದರೆ ಆಶಾ ಕಾರ್ಯಕರ್ತೆಯರು, ಶಿಕ್ಷಕರು, ರೋಗಿಯ ಜೊತೆಗೆ ಹೋಗುವ ಪರಿಚಯಸ್ಥರು, ಭಾವಿಸಿರುತ್ತೇವೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನ ಸಿದ್ದಿ ಮನೆಗಳಲ್ಲಾಗಲಿ, ಗೋಕಾಕ ಮತ್ತು ಹುಕ್ಕೇರಿ ಕಡೆಯ ವಾಲ್ಮೀಕಿ ನಾಯಕರ ಓಣಿಗಳಲ್ಲಾಗಲಿ ಹಾಗೆ ಆಗುವುದು ಕಡಿಮೆ. ವೈದ್ಯರ ಮುಂದೆ ತಲೆಯಾಡಿಸಿ ಬಂದವರು ನಿಜವಾಗಿ ಮಾತಾಡುವುದು ಸಂಜೆ ಮನೆಯ ಅಂಗಳದಲ್ಲಿ, ಹಿರಿಯರು ಕೂಡಿದ ಮೇಲೆ. ಆದ್ದರಿಂದ ಆಸ್ಪತ್ರೆಯಲ್ಲಿ ಕೇಳಿದ್ದನ್ನು ಆ ಅಂಗಳದವರೆಗೆ ತಪ್ಪಿಲ್ಲದೆ ಮುಟ್ಟಿಸುವುದೇ ನೆರವಾಗುವವರ ಮೊದಲ ಕೆಲಸ.

ಮೊದಲು ರೋಗಿಯ ಜೊತೆ ಒಬ್ಬರೇ ಕುಳಿತು ಮಾತಾಡಬೇಕು. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಗೋಕಾಕ ಕಡೆಯ ಒಂದು ಮನೆಯಲ್ಲಿ ನಾಲಿಗೆಯ ಕ್ಯಾನ್ಸರ್ ಆಗಿದ್ದ ಹೆಣ್ಣುಮಗಳ ಅಣ್ಣನಿಗೆ ಎಲ್ಲವನ್ನೂ ವಿವರಿಸಿ, ಅವರು ಒಪ್ಪಿದರೆಂದು ಸಮಾಧಾನಪಟ್ಟು ಎದ್ದು ಬಂದೆ. ಆಕೆ ಅಷ್ಟೂ ಹೊತ್ತು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಶಸ್ತ್ರಚಿಕಿತ್ಸೆಯ ದಿನ ಆಕೆ ಆಸ್ಪತ್ರೆಗೆ ಬರಲಿಲ್ಲ. ಮತ್ತೆ ಹೋಗಿ ಕೇಳಿದಾಗ, "ನನ್ನ ಯಾರೂ ಕೇಳಲೇ ಇಲ್ರೀ ಅಕ್ಕಾರ" ಎಂದಳು. ಸಾವಿನ ಅಂಜಿಕೆ ಆಕೆಗೆ ಅಷ್ಟಾಗಿ ಇರಲಿಲ್ಲ. ನಾಲಿಗೆ ತೆಗೆದರೆ ಮಾತು ಪೂರ್ತಿ ಹೋಗುತ್ತದೆ, ಮೊಮ್ಮಕ್ಕಳನ್ನು ಕರೆಯುವುದಕ್ಕೂ ಆಗುವುದಿಲ್ಲ ಎಂಬ ಅಂಜಿಕೆ ಇತ್ತು. ಎಷ್ಟು ಭಾಗ ತೆಗೆಯುತ್ತಾರೆ, ಆಮೇಲೆ ಮಾತು ಎಷ್ಟರಮಟ್ಟಿಗೆ ಉಳಿಯುತ್ತದೆ ಎಂದು ವೈದ್ಯರನ್ನೇ ಕೇಳಿ ತಿಳಿಸಿದಾಗ ಒಪ್ಪಿದಳು, ಆದರೆ ಅಷ್ಟರೊಳಗೆ ಎರಡು ತಿಂಗಳು ಕಳೆದಿದ್ದವು.

ಹಾಗೆಂದು ಮನೆಯವರನ್ನು ಹೊರಗಿಟ್ಟರೆ ಕೆಲಸ ಆಗುವುದಿಲ್ಲ. ನ್ಯೂಜಿಲೆಂಡಿನ ಮಾವೋರಿಗಳಲ್ಲಿಯೂ ಇಂಥ ತೀರ್ಮಾನಕ್ಕೆ ಇಡೀ ಬಳಗ ಕೂಡುತ್ತದೆ. ದೇಹದಿಂದ ತೆಗೆದ ಭಾಗವನ್ನು ವಿಧಿಯಂತೆ ಮಣ್ಣಿಗೆ ಸೇರಿಸಲು ಹಿಂದಿರುಗಿಸಿ ಎಂದು ಅವರು ಕೇಳುವುದನ್ನು ಅಲ್ಲಿನ ಆಸ್ಪತ್ರೆಗಳು ಗೌರವಿಸಲು ಕಲಿತಿವೆ. ನಮ್ಮಲ್ಲಿ ಅಂಥ ಪ್ರಶ್ನೆಯನ್ನು ರೋಗಿಯ ಮುಂದೆ ಯಾರೂ ಇಡುವುದಿಲ್ಲ, ಆದ್ದರಿಂದ ನೀವೇ ಕೇಳಿ ನೋಡಿ. ಯಾರ ಮಾತಿಗೆ ಮನೆಯಲ್ಲಿ ತೂಕವಿದೆಯೋ ಅವರು ಇರುವ ಹೊತ್ತಿಗೆ ಹೋಗಿ. ಸಿದ್ದಿಗಳ ಮನೆಮಾತು ಕೊಂಕಣಿ ಅಥವಾ ಮರಾಠಿಗೆ ಹತ್ತಿರವಾದುದರಿಂದ, ಆ ಮಾತು ಬಲ್ಲ ವಯಸ್ಕರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಶಾಲೆಗೆ ಹೋಗುವ ಮಗುವಿನ ಬಾಯಲ್ಲಿ ತಾಯಿಯ ಗರ್ಭಕೊರಳಿನ ಕ್ಯಾನ್ಸರಿನ ವಿಷಯ ಹೇಳಿಸಬೇಡಿ.

ವಿವರಿಸುವಾಗ ಊರಿನ ಮಾತನ್ನೇ ಬಳಸಿ. ವಿಕಿರಣ ಚಿಕಿತ್ಸೆಗೆ ಜನ 'ಕರೆಂಟ್ ಕೊಡುವುದು' ಎನ್ನುತ್ತಾರೆ. ಅದನ್ನು ತಿದ್ದುವ ಅಗತ್ಯವಿಲ್ಲ, ಆದರೆ ಶಾಕ್ ಹೊಡೆಯುವುದಿಲ್ಲ, ಕೊಡುವಾಗ ನೋವಾಗುವುದಿಲ್ಲ, ಬಾಯಿಗೆ ಕೊಟ್ಟಾಗ ಕೆಲ ವಾರಗಳ ಮೇಲೆ ಬಾಯಿ ಹುಣ್ಣಾಗಿ ಉಣ್ಣುವುದು ಕಷ್ಟವಾಗುತ್ತದೆ ಎಂಬುದನ್ನು ಮೊದಲೇ ಹೇಳಬೇಕು. ಗಡ್ಡೆಗೆ ಕಬ್ಬಿಣ ತಾಗಿದರೆ ಹರಡುತ್ತದೆ ಎಂಬ ನಂಬಿಕೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಮೂರೂ ಜಿಲ್ಲೆಗಳಲ್ಲಿ ಕೇಳಿಬರುತ್ತದೆ. ಪರೀಕ್ಷೆಗೆ ತುಂಡು ತೆಗೆಯುವುದರಿಂದ ರೋಗ ಹೆಚ್ಚುವುದಿಲ್ಲ, ತಡವಾಗಿ ಹೋದವರಲ್ಲಿ ಅದು ಮೊದಲೇ ಹೆಚ್ಚಿರುತ್ತದೆ ಎಂದು ನಿಧಾನವಾಗಿ ತಿಳಿಸಿ.

ದಿನಗಳ ಲೆಕ್ಕವನ್ನು ಕಣ್ಣಿಗೆ ಕಾಣಿಸಿ. ಬಾಯಿಯ ಕ್ಯಾನ್ಸರಿಗೆ ವಿಕಿರಣವನ್ನು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರರಿಂದ ಏಳು ವಾರ ಕೊಡುತ್ತಾರೆ. ಗೋಕಾಕ ಕಡೆಯ ಅದೇ ಮನೆಯಲ್ಲಿ ನಾನು ಒಂದು ತಾಟಿನ ಮೇಲೆ 33 ಜೋಳದ ಕಾಳುಗಳನ್ನು ಐದೈದರ ಸಾಲಿನಲ್ಲಿ ಇಟ್ಟು, ಸಾಲಿನ ಕೊನೆಗೆ ಶನಿವಾರ ಮತ್ತು ಭಾನುವಾರಕ್ಕೆಂದು ಎರಡು ಕಡಲೆ ಇಟ್ಟೆ. ಅಣ್ಣ ಸ್ವಲ್ಪ ಹೊತ್ತು ನೋಡಿ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ನಮ್ಮ ಕಬ್ಬು ಕಡಿಯೋ ಗ್ಯಾಂಗ್ ಬರತೈತ್ರಿ" ಎಂದ. ನಾವು ಮೂಢನಂಬಿಕೆ ಎಂದು ಬರೆದುಕೊಳ್ಳುವ ಹಿಂಜರಿಕೆಯ ಹಿಂದೆ ಎಷ್ಟೋ ಸಲ ಇಂಥ ಲೆಕ್ಕವೇ ಇರುತ್ತದೆ. ಆ ವಾರ ಆಕೆಯ ಜೊತೆಗೆ ಯಾರು ಇರಬೇಕು, ದನಗಳನ್ನು ಯಾರು ನೋಡಬೇಕು ಎಂಬುದು ಆ ತಾಟಿನ ಮುಂದೆಯೇ ಇತ್ಯರ್ಥವಾಯಿತು.

ನಾಟಿ ವೈದ್ಯರನ್ನು ಎದುರಾಳಿಯಂತೆ ಕಾಣಬೇಡಿ. ಅವರನ್ನೂ ಅಂಗಳಕ್ಕೆ ಕರೆಯಿರಿ, ಏಕೆಂದರೆ "ಇದು ನನ್ನ ಕೈಯಲ್ಲಿ ಇಲ್ಲ, ಆಸ್ಪತ್ರೆಗೆ ಹೋಗ್ರಿ" ಎಂದು ಅವರು ಹೇಳುವ ಒಂದು ಮಾತು ನಮ್ಮ ಹತ್ತು ಭೇಟಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಗಿಡಮೂಲಿಕೆಯನ್ನು ಗುಟ್ಟಾಗಿ ಸೇವಿಸುವುದೇ ಅಪಾಯ, ಕೆಲವು ಮೂಲಿಕೆಗಳು ಕಿಮೋಥೆರಪಿಯ ಔಷಧಗಳೊಂದಿಗೆ ಸೇರಿ ಯಕೃತ್ತಿಗೆ ಹಾನಿ ಮಾಡಬಲ್ಲವು. ಬೇರನ್ನೋ ಎಲೆಯನ್ನೋ ಒಯ್ದು ವೈದ್ಯರಿಗೆ ತೋರಿಸಲು ಹೇಳಿ. ಸವದತ್ತಿ ಎಲ್ಲಮ್ಮನ ಹರಕೆಯಿಂದ ಚಿಕಿತ್ಸೆಗೆ ಅಡ್ಡಿಯಿಲ್ಲ. ಹರಕೆಯ ದಿನವನ್ನು ಕಾಳಿನ ಸಾಲುಗಳ ನಡುವೆ ಹೊಂದಿಸಿದರೆ ಆಯಿತು.

ಹಣದ ವಿಷಯ ಚುಟುಕಾಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಿ, ದಾಖಲಾಗುವ ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗೆಂದು ಇರುವ ಸಿಬ್ಬಂದಿಯಾದ ಆರೋಗ್ಯ ಮಿತ್ರರನ್ನು ಕಾಣಬೇಕು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ, ಸ್ವತಃ ಸಂತಾಲ ಬುಡಕಟ್ಟಿನವರಾದ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಸಂಸ್ಥೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಮತ್ತೆರಡು ದಾರಿಗಳು. ರೈಲಿನ ಸ್ಲೀಪರ್ ದರ್ಜೆಯಲ್ಲಿ ಚಿಕಿತ್ಸೆಗೆ ಹೋಗುವ ರೋಗಿಗೆ ಪೂರ್ತಿ, ಜೊತೆಗಾರರೊಬ್ಬರಿಗೆ ಶೇಕಡಾ 75 ರಿಯಾಯಿತಿಯಿದೆ. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಜಾತಿ ಪ್ರಮಾಣಪತ್ರ ಬೇಕಾದಾಗ ಒಂದು ವಿಷಯ ನೆನಪಿರಲಿ: ಬೆಳಗಾವಿ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2020ರಲ್ಲಿ. ವಿಜಯಪುರ ಮತ್ತು ಬಾಗಲಕೋಟೆಯ ತಾಂಡಾಗಳ ಲಂಬಾಣಿಗರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ ಸೇರುತ್ತಾರೆ. ಆ ತಾಂಡಾಗಳಲ್ಲಿ ಮುಖಂಡನಾದ ನಾಯಕ ಮತ್ತು ಅವನ ಸಹಾಯಕನಾದ ಕಾರಭಾರಿಯ ಸಮ್ಮುಖದಲ್ಲಿ ಮಾತಾಡುವುದು ವಾಡಿಕೆ, ಆದರೆ ಹೆಂಗಸರ ರೋಗದ ವಿವರವನ್ನು ರೋಗಿ ಒಪ್ಪದೆ ಅಲ್ಲಿ ಎತ್ತಬಾರದು.

ಖಾನಾಪುರ ತಾಲ್ಲೂಕಿನ ಭೀಮಗಡ ಅಭಯಾರಣ್ಯದೊಳಗಿನ ಊರುಗಳಲ್ಲಿ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಿಮೋಥೆರಪಿಯ ನಡುವೆ ಜ್ವರ 100.4 ಡಿಗ್ರಿ ಮುಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಳ್ಳ ಬಂದು ದಾರಿ ಕಟ್ಟಿದ ದಿನ ಅದು ಹೇಗೆ ಸಾಧ್ಯ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರದಲ್ಲಿಯೋ ಬೆಳಗಾವಿಯಲ್ಲಿಯೋ ಇರಲು ನೆಂಟರ ಮನೆ ಸಿಗುವುದೇ ಎಂದು ಚಿಕಿತ್ಸೆ ಶುರುವಾಗುವ ಮೊದಲೇ ಕೇಳಿಕೊಳ್ಳಿ.

ಎಲ್ಲವನ್ನೂ ಕೇಳಿ, ತಿಳಿದು, ಬೇಡ ಎನ್ನುವವರೂ ಇರುತ್ತಾರೆ. ಬೇಡ ಎನ್ನುವ ಹಕ್ಕು ರೋಗಿಗಿದೆ, ಮತ್ತು ಹಾಗೆ ಹೇಳಿದವರ ಮನೆಗೆ ಹೋಗುವುದನ್ನು ನಾವು ನಿಲ್ಲಿಸಬಾರದು. ನೋವಿಗೆ ಮಾರ್ಫಿನ್ ಮಾತ್ರೆಗಳಿವೆ, ವೈದ್ಯರು ಬರೆದುಕೊಟ್ಟರೆ ಮನೆಯಲ್ಲೇ ನುಂಗಬಹುದು. ಮನಸ್ಸು ಬದಲಾದರೆ ಯಾರಿಗೆ ಫೋನ್ ಮಾಡಬೇಕೆಂದು ಆ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಂಕಿಗಳಲ್ಲಿ ಬರೆದು, ಮುಂದಿನ ಭೇಟಿಯ ದಿನಕ್ಕೆ ಸುತ್ತು ಹಾಕಿ ಬನ್ನಿ.