ಬೊ ಷಿಲಾಯ್ ಪತನದ ಒಳಕಾರಣಗಳನ್ನು ಊಹಿಸುವ ಬಗೆ

ಚೀನಾದ ರಾಜಕೀಯ ಹಗರಣಗಳಲ್ಲಿ ಗಾಳಿಸುದ್ದಿ ಮೊದಲು ಹಬ್ಬುತ್ತದೆ, ಪ್ರಕಟಣೆ ತಡವಾಗಿ ಬರುತ್ತದೆ; ಆದ್ದರಿಂದ ಊಹಿಸದೆ ಗತಿಯಿಲ್ಲ, ಆದರೆ ಆ ಊಹೆಗೊಂದು ಕ್ರಮ ಬೇಕು. ಚೊಂಗ್‌ಚಿಂಗ್ ನಗರದ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯಾಗಿದ್ದ ಬೊ ಷಿಲಾಯ್ 2012ರಲ್ಲಿ ಪದಚ್ಯುತರಾದ ಪ್ರಕರಣ ಇದಕ್ಕೊಂದು ಉದಾಹರಣೆ.

ಮೊದಲು ಹಾಳೆಯೊಂದರಲ್ಲಿ ತಾರೀಖುಗಳನ್ನಷ್ಟೇ ಬರೆದುಕೊಳ್ಳಿ, ಕಾರಣಗಳನ್ನು ಬರೆಯಬೇಡಿ. 2011ರ ನವೆಂಬರ್‌ನಲ್ಲಿ ಬ್ರಿಟಿಷ್ ಉದ್ಯಮಿ ನೀಲ್ ಹೇವುಡ್ ಚೊಂಗ್‌ಚಿಂಗ್‌ನ ಹೋಟೆಲೊಂದರಲ್ಲಿ ಶವವಾಗಿ ಸಿಕ್ಕರು. ಮರಣೋತ್ತರ ಪರೀಕ್ಷೆಯಿಲ್ಲದೆ ದಹನ ಮುಗಿಯಿತು. 2012ರ ಫೆಬ್ರವರಿ 2ರಂದು ಚೊಂಗ್‌ಚಿಂಗ್‌ನ ಪೊಲೀಸ್ ಮುಖ್ಯಸ್ಥ ವಾಂಗ್ ಲಿಜುನ್ ಹುದ್ದೆ ಕಳೆದುಕೊಂಡರು. 6ರಂದು ಚೆಂಗ್ಡುವಿನ ಅಮೆರಿಕನ್ ಕಾನ್ಸುಲೇಟ್ ಹೊಕ್ಕರು. ಮಾರ್ಚ್ 14ರಂದು ಪ್ರಧಾನಿ ವೆನ್ ಜಿಯಾಬಾವ್ ಮಾವೊ ಕಾಲದ ಸಾಂಸ್ಕೃತಿಕ ಕ್ರಾಂತಿಯಂಥ ದುರಂತ ಮರುಕಳಿಸೀತೆಂದು ಎಚ್ಚರಿಸಿದರು. ಮರುದಿನ ಬೊ ಚೊಂಗ್‌ಚಿಂಗ್‌ನ ಪಕ್ಷ ಕಾರ್ಯದರ್ಶಿಯಾಗಿ ಉಳಿದಿರಲಿಲ್ಲ. ನಾಯಕತ್ವ ಬದಲಾಗಬೇಕಿದ್ದ ಪಕ್ಷದ ಮಹಾಧಿವೇಶನ ಅದೇ ವರ್ಷದ ನವೆಂಬರ್‌ನಲ್ಲಿತ್ತು. ಹೀಗೆ ಬರೆದುಕೊಂಡರೆ ಎರಡು ಪ್ರಶ್ನೆಗಳು ತಾವಾಗಿಯೇ ಬೇರೆಯಾಗುತ್ತವೆ: ಕಿಡಿ ಯಾವುದು, ಮೊದಲೇ ಒಟ್ಟಿದ್ದ ಸೌದೆ ಯಾವುದು? ಹೇವುಡ್ ಕೊಲೆಯೊಂದೇ ಆಗಿದ್ದರೆ ಅದು ಮುಚ್ಚಿಹೋಗುತ್ತಿತ್ತೇನೋ. ವಾಂಗ್ ಪರದೇಶದ ಕಚೇರಿಯೊಳಗೆ ಹೇಳಿಬಂದ ಮಾತನ್ನು ಮುಚ್ಚುವುದು ಕಷ್ಟ. ಇದು ನನ್ನ ಊಹೆ; ನಿಮ್ಮ ಹಾಳೆಯಲ್ಲೂ ಊಹೆಯನ್ನು ಬೇರೆ ಶಾಯಿಯಲ್ಲೇ ಬರೆಯಿರಿ.

ಅನಂತರ ಪ್ರಕಟಣೆಗಳ ಪದಗಳನ್ನು ಓದಿ. ವಾಂಗ್ ಕಾನ್ಸುಲೇಟಿನಿಂದ ಹೊರಬಂದ ಮರುದಿನ ಚೊಂಗ್‌ಚಿಂಗ್ ಆಡಳಿತವು, ಅವರು ಅತಿಯಾದ ಕೆಲಸದಿಂದ ಬಳಲಿ ‘ರಜಾ ಮಾದರಿಯ ಚಿಕಿತ್ಸೆ’ ಪಡೆಯುತ್ತಿದ್ದಾರೆಂದು ವೀಬೊ ಎಂಬ ಚೀನೀ ಸಾಮಾಜಿಕ ಜಾಲತಾಣದಲ್ಲಿ ತಿಳಿಸಿತು. ಜನರು ನಕ್ಕದ್ದರಲ್ಲಿ ಆಶ್ಚರ್ಯವಿಲ್ಲ. ಏಪ್ರಿಲ್ 10ರ ಪ್ರಕಟಣೆಯಲ್ಲಿ ಬೊ ಇನ್ನೂ ‘ಕಾಮ್ರೇಡ್’ ಆಗಿದ್ದರು. ಅದೇ ರಾತ್ರಿ ಹೇವುಡ್ ಕೊಲೆಯ ಶಂಕಿತೆಯೆಂದು ಹೆಸರಿಸಲಾದ ಬೊ ಪತ್ನಿ ಗು ಕೈಲಾಯ್ ಅವರನ್ನು ಸರ್ಕಾರಿ ಸುದ್ದಿಸಂಸ್ಥೆ ಶಿನ್ಹುವಾ ‘ಬೊಗು ಕೈಲಾಯ್’ ಎಂದು ಕರೆಯಿತು. ಚೀನಾದ ಮುಖ್ಯಭೂಮಿಯಲ್ಲಿ ಪತ್ನಿಯ ಹೆಸರಿಗೆ ಗಂಡನ ಮನೆತನದ ಹೆಸರನ್ನು ಸೇರಿಸುವ ರೂಢಿಯಿಲ್ಲ. ಹಾಗಿದ್ದೂ ಸೇರಿಸಿದವರು ಓದುಗರ ಕಣ್ಣನ್ನು ಎತ್ತ ತಿರುಗಿಸಲು ಬಯಸಿದ್ದರೆಂದು ಕೇಳಿಕೊಳ್ಳಿ.

ಆರೋಪಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದ್ದು ಹೆಚ್ಚು ಹೇಳುತ್ತದೆ. 2013ರ ಆಗಸ್ಟ್‌ನಲ್ಲಿ ಜಿನಾನ್ ನ್ಯಾಯಾಲಯ ಐದು ದಿನ ಬೊ ವಿರುದ್ಧದ ಲಂಚ, ಹಣದುರುಪಯೋಗ, ಅಧಿಕಾರ ದುರ್ಬಳಕೆಗಳ ವಿಚಾರಣೆ ನಡೆಸಿತು. ಲಂಚದ ಹಣವೆಲ್ಲ ಬೊ ಹಿಂದೆ ಮೇಯರ್ ಆಗಿದ್ದ ಡಾಲಿಯಾನ್ ನಗರದ ನಂಟಿನ ಉದ್ಯಮಿಗಳಿಂದ ಬಂದದ್ದೆಂದು ವಾದಿಸಲಾಯಿತು. ಬೊ ಅವರಿಗೆ ಹೆಸರು ತಂದ ‘ಕೆಂಪು ಹಾಡು’ಗಳೆಂಬ ಕ್ರಾಂತಿಗೀತೆಗಳ ಚಳವಳಿಯಾಗಲಿ, ಮಾಫಿಯಾ ದಮನದಲ್ಲಿ ನಡೆದ ಚಿತ್ರಹಿಂಸೆಯಾಗಲಿ ಆರೋಪವಾಗಲಿಲ್ಲ. ಆ ಚಳವಳಿಗಳನ್ನು ಚೊಂಗ್‌ಚಿಂಗ್‌ಗೆ ಹೋಗಿ ಹೊಗಳಿಬಂದ ಹಿರಿಯರಲ್ಲಿ ಮುಂದೆ ಚೀನಾದ ನಾಯಕರಾದ ಷಿ ಜಿನ್‌ಪಿಂಗ್ ಕೂಡ ಇದ್ದರೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಪ್ರತಿ ಕಥೆಗೂ ಅದರಿಂದ ಯಾರಿಗೆ ಲಾಭ ಎಂದು ಕೇಳಿ. ತಮ್ಮ ಪತ್ನಿ ಗು ಅವರನ್ನು ವಾಂಗ್ ಗುಟ್ಟಾಗಿ ಪ್ರೀತಿಸುತ್ತಿದ್ದನೆಂದು ಬೊ ನ್ಯಾಯಾಲಯದಲ್ಲಿ ಹೇಳಿದರು. ಕಥೆ ರುಚಿಕಟ್ಟಾಗಿದೆ, ಆದರೆ ವಾಂಗ್ ಓಡಿಹೋದದ್ದು ಬೊ ನಡೆಸಿದ ಅಧಿಕಾರ ದುರ್ಬಳಕೆಯಿಂದಲ್ಲ ಎಂದು ಸಾಧಿಸಲು ಬೊ ಅವರಿಗೆ ಅದೇ ಬೇಕಾಗಿತ್ತು. ಸುಳ್ಳೆಂದಲ್ಲ, ತೂಕ ಕಡಿಮೆ.

ದಮನವನ್ನು ಪುರಾವೆಯೆಂದು ಎಣಿಸುವುದು ದೊಡ್ಡ ತಪ್ಪು. 2012ರ ಮಾರ್ಚ್‌ನಲ್ಲಿ ಬೀಜಿಂಗ್‌ನಲ್ಲಿ ಸೇನಾ ದಂಗೆಯೆಂಬ ವದಂತಿ ಹಬ್ಬಿದಾಗ ಸರ್ಕಾರ 16 ಜಾಲತಾಣಗಳನ್ನು ಮುಚ್ಚಿ 6 ಜನರನ್ನು ಬಂಧಿಸಿತು. ಇದರಿಂದ ತಿಳಿಯುವುದು ಸರ್ಕಾರದ ಅಂಜಿಕೆ, ದಂಗೆಯಲ್ಲ.

ಕೊನೆಗೆ ಹಾಳೆಯನ್ನು ಎತ್ತಿಟ್ಟು ಕೆಲವು ವರ್ಷಗಳ ಬಳಿಕ ತೆರೆಯಿರಿ. ಚೀನಾದ ಭದ್ರತಾ ವ್ಯವಸ್ಥೆಯ ಮುಖ್ಯಸ್ಥರಾಗಿದ್ದ ಜೋ ಯೊಂಗ್‌ಕಾಂಗ್‌ಗೆ 2015ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಬೊ, ಜೋ ಮೊದಲಾದವರು ರಾಜಕೀಯ ಪಿತೂರಿ ನಡೆಸಿದರೆಂದು ಷಿ ಹೇಳಿದ್ದೂ ಪ್ರಕಟವಾಯಿತು. ಪತನಕ್ಕೆ ಪಕ್ಷದೊಳಗಿನ ಬಣಗಳ ಜಗಳವೇ ಕಾರಣವೆಂಬ ಊಹೆಗೆ ಇದು ಬಲ ಕೊಡುತ್ತದೆ, ಆದರೆ ಗೆದ್ದವರ ಮಾತಾದ್ದರಿಂದ ಅದನ್ನು ಪೆನ್ಸಿಲಿನಲ್ಲೇ ಬರೆಯಿರಿ.